ಬುರುಲ್‌ಳ ಕೋಣೆಯ ತೊಟ್ಟಿಲು

ಅತ್ತೆ ಬುರುಲ್ ಚೀಲವನ್ನು ಕಂಬಳಿಯ ಮೇಲೆ ಸುರಿದಾಗ ಬಸುರಿ ಜಿಪಾರ್ ಮೂಗು ಮುಚ್ಚಿಕೊಂಡಳು. ಒಳಗಿದ್ದದ್ದು ಮುದುಕಿಯರ ಹಳೆಯ ಒಳಅಂಗಿಗಳು. ಊರಲ್ಲಿ ತೊಂಬತ್ತು ದಾಟಿದವರ ಮನೆಗೆಲ್ಲ ಹೋಗಿ ಬೇಡಿ ತಂದವು. ಕಂಕುಳಲ್ಲಿ ಹಳದಿ ಕಲೆ, ಕೊರಳಪಟ್ಟಿಯಲ್ಲಿ ಜಿಡ್ಡು, ಒಂದರ ಎದೆಯ ಮೇಲೆ ಒಣಗಿದ ಸಾರು. ಹುಟ್ಟುವ ಮಗುವಿನ ಮೊದಲ ಅಂಗಿ ಇವುಗಳಿಂದಲೇ ಆಗಬೇಕು. ಆಗ ಮಗುವೂ ಅಷ್ಟೇ ಕಾಲ ಬಾಳುತ್ತದೆಯಂತೆ. ನಲವತ್ತು ದಿನ ಕಳೆದ ಮೇಲೆ ಅದನ್ನು ನಾಯಿಯ ಕೊರಳಿಗೆ ಕಟ್ಟಿ ಓಡಿಸುವುದು. ನಾಯಿಗೂ ವಾಂತಿಯಾದೀತು ಎಂದುಕೊಂಡಳು ಜಿಪಾರ್.

ಒಂದು ಸಾಲದೆಂಬಂತೆ ಅತ್ತೆ ಎರಡು ಅಂಗಿ ಕತ್ತರಿಸಿದಳು.

ಜಿಪಾರ್ ನಾರಿನ್ ಪೇಟೆಯ ಹುಡುಗಿ. ಮಗುವಿಗೆಂದು ಬಿಳಿ ಹತ್ತಿಯ ಬಟ್ಟೆ ತಂದು, ಕುದಿಸಿ, ಇಸ್ತ್ರಿ ಹಾಕಿ ಇಟ್ಟಿದ್ದಳು. ಹೊಲಸನ್ನಾದರೂ ಆಕೆ ಸಹಿಸಿಯಾಳು. ಸಹಿಸಲಾಗದ್ದು ಇನ್ನೊಂದಿತ್ತು.

ಗಂಡನ ಊರಿನ ಕಡೆ ಮೊದಲ ಮೊಮ್ಮಗು ಅಜ್ಜಿಯದು. ಹೆತ್ತವಳು ಹೆರಬೇಕು, ಅಜ್ಜಿ ಎತ್ತಿಕೊಳ್ಳಬೇಕು. ಯಾರೂ ಕೇಳುವುದಿಲ್ಲ, ಯಾರೂ ಇಲ್ಲವೆನ್ನುವುದಿಲ್ಲ. ಜಿಪಾರ್‌ಳ ಗಂಡ ಎರ್ಮೆಕ್ ಬೆಳೆದದ್ದೂ ಹಾಗೆಯೇ. ಅಜ್ಜಿಯನ್ನು ಅಮ್ಮ ಎಂದ, ಹೆತ್ತ ಬುರುಲ್‌ಳನ್ನು ಅತ್ತಿಗೆ ಎಂದ. ಅಜ್ಜಿ ಸತ್ತು ಎಷ್ಟೋ ವರ್ಷಗಳಾದರೂ ಅವನ ಬಾಯಿಗೆ ಆ ಮಾತೇ ಬರುತ್ತದೆ. ಅವನನ್ನು ಹೆತ್ತಾಗ ಬುರುಲ್‌ಗೆ ಹತ್ತೊಂಬತ್ತು ತುಂಬಿರಲಿಲ್ಲ. ಆಮೇಲೆ ಮಕ್ಕಳಾಗಲಿಲ್ಲ. ಈಗ ಅವಳ ಸರದಿ ಬಂದಿದೆ ಎಂದು ಊರೇ ಹೇಳುತ್ತಿತ್ತು.

ಅಟ್ಟದಿಂದ ಹಳೆಯ ತೊಟ್ಟಿಲು ಇಳಿಯಿತು. ನಡುವೆ ತೂತು, ತೂತಿಗೆ ಕುರಿಯ ಕಾಲ್ಮೂಳೆಯ ಕೊಳವೆ, ಮಗುವಿನ ಉಚ್ಚೆಗೆ ಕೆಳಗೊಂದು ಕುಡಿಕೆ. ಮೂರು ತಲೆಮಾರಿನ ಮೂತ್ರ ಕುಡಿದ ಮರಕ್ಕೆ ಬಿಸಿನೀರು ತಾಗಿದ್ದೇ ತಡ, ಮನೆಯೆಲ್ಲ ನಾರಿತು. ಬುರುಲ್ ಅದನ್ನು ತಿಕ್ಕಿ ತೊಳೆದು ತನ್ನ ಕೋಣೆಗೆ ಒಯ್ದು, ತನ್ನ ಹಾಸಿಗೆಯ ಪಕ್ಕಕ್ಕಿಟ್ಟಳು.

"ಅತ್ತೆ, ಅದು ನಮ್ಮ ಕೋಣೇಲಿರ್ಲಿ," ಎಂದಳು ಜಿಪಾರ್.

"ನಿಂಗ್ಯಾಕಮ್ಮ ಆ ಚಿಂತೆ. ಇದು ಇಲ್ಲೇ ಇರುತ್ತೆ. ಮಗು ಅತ್ರೆ ನಾನು ನೋಡ್ಕೋತೀನಿ."

ಅಂದಿನಿಂದ ಜಿಪಾರ್‌ಗೆ ಅತ್ತೆಯನ್ನು ಕಂಡರಾಗದು. ಬುರುಲ್ ಮೊದಲೇ ದಪ್ಪ. ಈ ಚಳಿಗಾಲದಲ್ಲಿ ಇನ್ನಷ್ಟು ಊದಿಕೊಂಡು, ತನ್ನ ಸತ್ತ ಅತ್ತೆಯ ಮಖಮಲ್ ನಿಲುವಂಗಿಯೊಳಗೆ ತೂರಿಕೊಂಡಿದ್ದಳು. ಒಲೆಯ ಮುಂದೆ ಕೂತು ಬೆವತರೂ ಅದನ್ನು ಬಿಚ್ಚುತ್ತಿರಲಿಲ್ಲ. ಹುಟ್ಟುವ ಮಗುವಿಗೆ ತಿಕ್ಕಲೆಂದು ಕಾಯಿಸಿಟ್ಟ ಕುರಿಬಾಲದ ಕೊಬ್ಬಿನ ವಾಸನೆ ಅವಳ ಮೈಗೆ ಅಂಟಿಕೊಂಡೇ ಇತ್ತು. ಊಟದ ನಡುವೆಯೇ ತೂಕಡಿಸಿ, ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು.

ಅವಳು ತಿನ್ನುವುದನ್ನಂತೂ ನೋಡಬಾರದು. ನೆರೆಮನೆಯ ಸೈರಾಕಾನ್ ಅಜ್ಜಿ ಬಸುರಿಯ ಬಾಯಿರುಚಿಗೆಂದು ಜಿಪಾರ್‌ಗೆ ಹುಳಿ ಏಪ್ರಿಕಾಟ್, ಉಪ್ಪುಮೊಸರಿನ ಉಂಡೆ, ಕುದುರೆ ಮಾಂಸ ತಂದು ಕೊಟ್ಟರೆ, ಅಜ್ಜಿ ಅಂಗಳ ದಾಟುವಷ್ಟರಲ್ಲಿ ಅರ್ಧ ಖಾಲಿ. ಬುರುಲ್ ಬೆರಳು ನೆಕ್ಕಿ, ಆ ಬೆರಳನ್ನೇ ಮತ್ತೆ ಬಟ್ಟಲಿಗೆ ಹಾಕುತ್ತಿದ್ದಳು. ಮಗು ತನ್ನದಾಗಲೆಂದು ಬಸುರಿಯ ತುತ್ತನ್ನೂ ತಾನೇ ತಿನ್ನುತ್ತಿದ್ದಾಳೆ ಎಂದು ಜಿಪಾರ್‌ಗೆ ಖಾತ್ರಿಯಾಯಿತು. ನಾಚಿಕೆಗೆಟ್ಟ ಹೆಂಗಸು.

ಎರ್ಮೆಕ್ ಲಾರಿ ಹತ್ತಿ ಗಡಿಯ ಕಡೆ ಹೋಗಿದ್ದ. ಮಾವ ಕುರಿಗಳು ಮರಿ ಹಾಕುವ ಕಾಲವೆಂದು ಬೆಟ್ಟದ ದೊಡ್ಡಿ ಸೇರಿದ್ದ. ಜಿಪಾರ್ ಗಂಡನಿಗೆ ಫೋನ್ ಮಾಡಿ ಅತ್ತಳು.

"ನನ್ ಪಾಲಿಂದೆಲ್ಲ ಅವ್ರೇ ತಿಂತಾರೆ. ನಾಳೆ ಮಗೂನೂ ನುಂಗ್ತಾರೆ."

"ಅತ್ತಿಗೆ ಎತ್ಕೊಂಡ್ರೆ ಏನೀಗ? ನಾನು ಬೆಳೀಲಿಲ್ವಾ?" ಎಂದ ಎರ್ಮೆಕ್.

ಹೆತ್ತ ತಾಯಿಯನ್ನು ಅತ್ತಿಗೆ ಎನ್ನುವವನಿಗೆ ಏನು ಹೇಳುವುದು? ನಾಳೆ ತನ್ನ ಮಗುವೂ ತನ್ನನ್ನು ಹಾಗೆಯೇ ಕರೆಯುತ್ತದೆ. ಜಿಪಾರ್ ಫೋನಿಟ್ಟು ಬಟ್ಟೆ ಕಟ್ಟಿದಳು. ತವರಿಗೆ ಹೋಗಿ ಹೆರುವುದೆಂದು ತೀರ್ಮಾನವಾಯಿತು. ಆದರೆ ಬಾಗಿಲು ದಾಟುವಾಗ ಸಿಟ್ಟು ತಡೆಯಲಿಲ್ಲ. ತೊಟ್ಟಿಲನ್ನು ಆ ಕೋಣೆಯಲ್ಲಿ ಬಿಟ್ಟುಹೋದರೆ ಮಗುವನ್ನು ಬಿಟ್ಟುಕೊಟ್ಟಂತೆಯೇ ಸರಿ.

ಅವಳು ಕೇಳದೆಯೇ ಅತ್ತೆಯ ಕೋಣೆಗೆ ನುಗ್ಗಿದಳು. ಬುರುಲ್ ನೆಲದ ಮೇಲೆ, ಗೋಡೆಗೊರಗಿ ಕೂತಿದ್ದಳು. ಮುಖ ಕೆಂಪಗಾಗಿತ್ತು, ಹಲ್ಲು ಕಚ್ಚಿಕೊಂಡಿದ್ದಳು. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ ಎಂದು ಜಿಪಾರ್ ಇಷ್ಟು ದಿನ ನುಂಗಿಕೊಂಡದ್ದನ್ನೆಲ್ಲ ಕಕ್ಕಿದಳು. ನೀವು ಕೊಳಕು ಎಂದಳು, ಆಸೆಬುರುಕಿ ಎಂದಳು, ನಿಮ್ಮನ್ನು ನೋಡಿದರೆ ನನಗೆ ಓಕರಿಕೆ ಬರುತ್ತದೆ ಎಂದಳು. ಯಾವ ಸೊಸೆಯೂ ಆಡಬಾರದ ಮಾತು.

"ನನ್ ಮಗೂನ ನಾನು ಯಾರಿಗೂ ಕೊಡಲ್ಲ."

ಜಿಪಾರ್ ತೊಟ್ಟಿಲಿನ ಹಿಡಿ ಹಿಡಿದೆಳೆದಳು. ಅತ್ತೆ ಕೂತಲ್ಲಿಂದಲೇ ಕೈ ಚಾಚಿ ಅದರ ಕಾಲು ಹಿಡಿದುಕೊಂಡಳು. ಒಬ್ಬಳು ಎಳೆದಳು, ಇನ್ನೊಬ್ಬಳು ಬಿಡಲಿಲ್ಲ. ಅಷ್ಟರಲ್ಲಿ ಜಿಪಾರ್‌ಳ ಕಾಲಿಗೆ ಬೆಚ್ಚಗೆ ಏನೋ ತಾಗಿತು. ನೋಡಿದರೆ ಬುರುಲ್‌ಳ ಕೆಳಗಿನ ಕಂಬಳಿ ತೊಯ್ದು, ನೀರು ಹರಿದು ಬರುತ್ತಿತ್ತು.

ಥೂ, ಕೂತಲ್ಲೇ ಉಚ್ಚೆ ಹೊಯ್ದುಕೊಂಡಳೆ? ಜಿಪಾರ್ ಹಿಂದಕ್ಕೆ ಹಾರಿದಳು.

ಬುರುಲ್ ಮಖಮಲ್ ನಿಲುವಂಗಿಯ ಗುಂಡಿಗಳನ್ನು ಬಿಚ್ಚಿದಳು. ಒಳಗಿದ್ದ ಹೊಟ್ಟೆ ಜಿಪಾರ್‌ಳದಕ್ಕಿಂತ ದೊಡ್ಡದಾಗಿತ್ತು. ಬಿಗಿದು, ಒಂದು ಕಡೆಗೆ ಉಬ್ಬಿ, ಮತ್ತೆ ಇಳಿಯಿತು. ಸೊಸೆ ಬಂದ ಮನೆಯಲ್ಲಿ ಅತ್ತೆ ಬಸುರಾಗುವುದಕ್ಕಿಂತ ನಗೆಪಾಟಲು ಆ ಊರಲ್ಲಿ ಬೇರೊಂದಿಲ್ಲ.

"ಎರ್ಮೆಕ್‌ನ ನಾನು ಹಾಲು ಬಿಡಿಸೋಕೆ ಮುಂಚೇನೇ ಕಿತ್ಕೊಂಡ್ರು," ಎಂದಳು ಬುರುಲ್, ಉಸಿರೆಳೆದುಕೊಳ್ಳುತ್ತ. "ನಿನ್ ಮಗು ನಿನ್ ಹತ್ರಾನೇ ಇರ್ಲಿ ಮಗಳೇ, ತೊಟ್ಟಿಲು ಬಿಟ್ಟು ಸೈರಾಕಾನ್‌ನ ಕರಿ. ಇದು ನಂದು."