ತಾಯಿಯ ಕಡೆಯಿಂದ

“ಏನೇ ಸಿಗಲಿ, ನಾನೇ ಬಂದು ಹೇಳ್ತೇನೆ. ಮುಚ್ಚಿಡುವುದಿಲ್ಲ” ಎಂದು ಪ್ರೊಫೆಸರ್ ಮುಕ್ತಾ ಮಾತು ಕೊಟ್ಟು ಒಂಬತ್ತು ವರ್ಷವಾಗಿತ್ತು. ಆಗ ತೃಪ್ತಿಗೆ ಎಂಟು. ಬಲಗೈಯ ಕೊನೆಯ ಎರಡು ಬೆರಳು ಹುಟ್ಟಿನಿಂದಲೇ ಕೂಡಿಕೊಂಡಿದ್ದವು. ಯಾಕೆಂದು ತಿಳಿಯಲು ಅವಳದೂ ತಾಯಿ ದಮಯಂತಿಯದೂ ರಕ್ತ ತೆಗೆದುಕೊಂಡ ದಿನದ ಮಾತು ಅದು.

ಉತ್ತರ ಸಿಕ್ಕಿ ಆರು ತಿಂಗಳಾಗಿತ್ತು. ಮುಕ್ತಾ ಎರಡು ಸಲ ತಾಯಿ ಮಗಳಿರುವ ಕೋಪರಖೈರಣೆಯ ಸ್ಟೇಷನ್ನಿನವರೆಗೆ ಬಂದು ಹಿಂದಿರುಗಿದ್ದಳು. ದೋಷ ತಾಯಿಯಿಂದ ಬಂದದ್ದು. ಹೆತ್ತ ದಿನವೇ ಅತ್ತೆಯ ಬಾಯಿಂದ “ಎಲ್ಲ ನಿನ್ನಿಂದ” ಅನ್ನಿಸಿಕೊಂಡ ಹೆಂಗಸಿಗೆ ವಿಜ್ಞಾನವೂ ಬಂದು ಅದನ್ನೇ ಹೇಳಬೇಕೆ?

ಮೂರನೇ ಸಲ ಮುಕ್ತಾ ಹಿಂದಿರುಗಲಿಲ್ಲ. ದಮಯಂತಿ ಕೆಲಸ ಮಾಡುವ ಹೋಟೆಲಿನಲ್ಲಿ ಊಟದ ಗದ್ದಲ ಇಳಿದಿತ್ತು. ಅಡುಗೆಮನೆಯಲ್ಲಿ ಅವಳು ಕಾಯಿ ತುರಿಯುತ್ತಿದ್ದಳು. ಕಾಲೇಜು ಮುಗಿಸಿ ಬಂದ ತೃಪ್ತಿ ಪಕ್ಕದಲ್ಲಿ ಕೂತು ಇಡ್ಲಿ ಸಾಂಬಾರು ತಿನ್ನುತ್ತಿದ್ದಳು.

“ಅರೇ ಮೇಡಂ! ಖೂನ್ ವಾಪಸ್ ದೇನೇ ಆಯೀ ಕ್ಯಾ?” ಎಂದಳು ತೃಪ್ತಿ.

“ರಕ್ತ ವಾಪಸ್ ಕೊಡ್ಲಿಕ್ಕೆ ಅವರೆಂತ ಬ್ಯಾಂಕಿನವರಾ? ಸುಮ್ನೆ ತಿನ್ನು” ಎಂದು ಗದರಿದ ದಮಯಂತಿ ಸ್ಟೂಲು ಒರೆಸಿ ಕೊಟ್ಟಳು. “ಕೂತ್ಕೊಳ್ಳಿ ಮೇಡಂ. ರಕ್ತ ತಕೊಂಡು ಹೋದವರು ತಿರುಗಿ ಬಂದದ್ದು ನಾನು ನೋಡ್ಲೇ ಇಲ್ಲ.”

ಮುಕ್ತಾ ಕೂತಳು. “ದಮಯಂತಕ್ಕ, ಬೆರಳು ರೂಪಿಸುವ ಜೀನ್‌ಗಳೆಲ್ಲ ಸರಿಯೇ ಇವೆ. ಈ ದೋಸೆ ಕಾವಲಿಗೂ ಆಚೆಯ ಚಪಾತಿ ಒಲೆಗೂ ನಡುವೆ ಗೋಡೆ ಇದೆಯಲ್ಲ, ಅದು ಬಿದ್ದರೆ?”

“ಆಯ್ತು ಕತೆ! ಇಲ್ಲಿಗೆ ಕೂಗಿದ ಆರ್ಡರು ಅಲ್ಲಿಯವ ಮಾಡಿಡ್ತಾನೆ.”

“ಹಾಗೇ ಆದದ್ದು. ನಮ್ಮೊಳಗೆ ಜೀನ್‌ಗಳ ಉದ್ದನೆಯ ದಾರ ಮಡಚಿ ಮಡಚಿ ಕೂತಿರ್ತದೆ. ಆ ಮಡಿಕೆಗಳ ನಡುವೆಯೂ ಗೋಡೆಗಳುಂಟು. ತೃಪ್ತಿಯಲ್ಲಿ ಒಂದು ಗೋಡೆ ಇಲ್ಲ. ಪಕ್ಕದ ಜೀನ್‌ಗೆ ಹೋಗಬೇಕಾದ ಆರ್ಡರು ಬೆರಳಿನ ಜೀನ್‌ಗೆ ಕೇಳಿಸಿಬಿಟ್ಟಿತು.”

ದಮಯಂತಿಯ ಕೈ ತುರಿಮಣೆಯ ಮೇಲೆ ನಿಂತಿತು. “ಗೋಡೆ ಕೆಡವಿದ್ದು ಯಾರು?”

“ಯಾರೂ ಕೆಡವಿದ್ದಲ್ಲ.” ಮುಕ್ತಾ ನೆಲ ನೋಡಿದಳು. “ನಿಮ್ಮಲ್ಲಿಯೂ ಅದು ಇಲ್ಲ. ನಿಮ್ಮ ಬೆರಳಲ್ಲಿ ತೋರಲಿಲ್ಲ, ಅವಳಲ್ಲಿ ತೋರಿತು. ನಿಮ್ಮಿಂದ ಬಂದದ್ದು, ಅಕ್ಕ.”

“ಆ ಗೋಡೆ ನಾನು ಹುಟ್ಟುವಾಗಲೇ ಇರ್ಲಿಲ್ವಾ?”

“ಹುಟ್ಟುವಾಗಲೇ.”

“ಅಂದ್ರೆ... ಮಾತ್ರೆಯಿಂದ ಅಲ್ಲ?”

“ಯಾವ ಮಾತ್ರೆ?”

“ಇವಳು ಹೊಟ್ಟೆಯಲ್ಲಿದ್ದಾಗ, ಮೂರನೇ ತಿಂಗಳು, ಜ್ವರ ಬಂತು. ಕೆಲಸ ತಪ್ಪಿಸುವ ಹಾಗಿರ್ಲಿಲ್ಲ. ಮೆಡಿಕಲ್‌ನಿಂದ ಎಂತದೋ ಮಾತ್ರೆ ತಂದು ನುಂಗಿದೆ. ಹದಿನೇಳು ವರ್ಷ ಯಾರಿಗೂ ಹೇಳ್ಲಿಲ್ಲ, ಮೇಡಂ. ಇವಳಿಗೂ.”

“ಅದರಿಂದ ಅಲ್ಲ, ಅಕ್ಕ. ಅಲ್ಲವೇ ಅಲ್ಲ.”

ದಮಯಂತಿ ಮಗಳ ಬಲಗೈಯನ್ನು ತಟ್ಟೆಯಿಂದಲೇ ಎಳೆದುಕೊಂಡು, ಕೂಡಿದ ಬೆರಳುಗಳನ್ನು ಕೆನ್ನೆಗೆ ಒತ್ತಿಕೊಂಡಳು.

“ಮಮ್ಮೀ, ಸಾಂಬಾರು!” ಎಂದ ತೃಪ್ತಿ ಕೈ ಬಿಡಿಸಿಕೊಳ್ಳಲಿಲ್ಲ.

ಮುಕ್ತಾ ಬಂದಿದ್ದಳು, ಮುಚ್ಚಿಡದೆ ಹೇಳಿದ್ದಳು.