ಹೊರಡುವ ಹೊತ್ತಿನ ಹಾರೈಕೆ

ಚಂದ್ರನ ಮೇಲಿನ ಆ ಪುಟ್ಟ ಠಾಣೆಯಲ್ಲಿ ಮಾತಾಡುವವರು ಇಬ್ಬರೇ. ಸೌರಫಲಕಗಳ ಧೂಳು ಒರೆಸುವ ದಾಕ್ಷಾಯಿಣಿ, ಮತ್ತು ಬಾಗಿಲು ಕಾಯುವ ಯಂತ್ರ. ಯಂತ್ರ ಮೊದಲು ಕಲಿತದ್ದು ಇಂಗ್ಲಿಷು. ಅಲ್ಲಿನ ನುಡಿಗಟ್ಟುಗಳನ್ನೇ ಇದ್ದದ್ದು ಇದ್ದ ಹಾಗೆ ಕನ್ನಡಕ್ಕೆ ತಂದು ಸುರಿಯುತ್ತಿತ್ತು. ಅವಳು ಹೊರಟಾಗಲೆಲ್ಲ, ಇಂಗ್ಲಿಷಿನವರು 'ಬ್ರೇಕ್ ಎ ಲೆಗ್' ಎಂದು ಹಾರೈಸುವಂತೆ, ಶುಭ ಕೋರುತ್ತಿತ್ತು: "ಅಕ್ಕಾ, ನಿಮ್ಮ ಕಾಲು ಮುರಿಯಲಿ!"

"ಥೂ ನಿನ್ನ! ಹೊರಡೋ ಹೊತ್ತಲ್ಲಿ ಎಂಥಾ ಮಾತೋ ಅದು? ಬಿಡ್ತು ಅನ್ನು!"

"ಬಿಡ್ತು," ಎನ್ನುತ್ತಿತ್ತು ಯಂತ್ರ, ಬೈಸಿಕೊಂಡ ಮಗುವಿನ ಹಾಗೆ.

ಮರುದಿನ ಮತ್ತೆ ಅದೇ ಹಾರೈಕೆ, ಅದೇ ಬೈಗುಳ. ಇದಿಲ್ಲದೆ ಅವಳು ಹೊಸ್ತಿಲು ದಾಟಿದ್ದೇ ಇಲ್ಲ. ಮೊನ್ನೆ ಮಾತ್ರ ಹೊರಗೆ ಎಡವಿ ನಿಜಕ್ಕೂ ಕಾಲು ಉಳುಕಿತು. ಆ ಸಿಟ್ಟಿನಲ್ಲಿ, ಇದರ ಬಾಯಿ ಸರಿಮಾಡಿ ಎಂದು ಭೂಮಿಯ ಕಚೇರಿಗೆ ದೂರು ಹೇಳಿಬಿಟ್ಟಳು. ಅವರು ಸರಿಮಾಡಿದರು.

ಇವತ್ತು ಹೆಲ್ಮೆಟ್ಟು ಹಿಡಿದು ಬಾಗಿಲಿಗೆ ಬಂದಳು.

"ಜೋಪಾನವಾಗಿ ಹೋಗಿ ಬನ್ನಿ, ದಾಕ್ಷಾಯಿಣಿಯವರೇ," ಎಂದಿತು ಯಂತ್ರ. ಅಪ್ಪಟ ಕನ್ನಡ, ತಪ್ಪು ಹುಡುಕುವಂತಿರಲಿಲ್ಲ.

ಬಾಗಿಲು ತೆರೆದರೂ ಅವಳು ಅಲ್ಲೇ ನಿಂತಳು. ಬೈಯಲು ಏನೂ ಇರಲಿಲ್ಲ.

"ಇವತ್ತು ನನ್ನ ಕಾಲು ಮುರಿಯುತ್ತೆ ಕಣೋ," ಎಂದು ತಾನೇ ಅಂದು ನೋಡಿದಳು.

"ವೈದ್ಯಕೀಯ ನೆರವು ಬೇಕೇ?"

"ಬೇಡ."

ಹೆಲ್ಮೆಟ್ಟು ಹಾಕಿಕೊಂಡು ಹೊರಗೆ ನಡೆದಳು. ಕಣ್ಣು ಹಾಯುವವರೆಗೂ ಬೂದಿ ಬಣ್ಣದ ಬಯಲು. ಆಡಿದ ಅಪಶಕುನವನ್ನು ಹಾಗೇ ಬಿಡಬಾರದಲ್ಲ. "ಬಿಡ್ತು ಅನ್ನು" ಎಂದು ತನಗೆ ತಾನೇ ಗದರಿಕೊಂಡಳು. ಸ್ವಲ್ಪ ಕಾದು, "ಬಿಡ್ತು" ಎಂದೂ ತಾನೇ ಅಂದಳು.