ಮೊಣಕಾಲಿನ ದರ

ಬಳ್ಳಾರಿಯ ಐಸ್ ಹಾಕಿ ಅಂಗಳದಲ್ಲಿ ಆಟ ಮುಗಿಸುವುದು ಗಡಿಯಾರವಲ್ಲ, ಬಾಜಿ ಮಾರುಕಟ್ಟೆ. ಒಂದು ತಂಡದ ಗೆಲುವಿನ ದರ ನೂರಕ್ಕೆ ತೊಂಬತ್ತೊಂಬತ್ತು ಮುಟ್ಟಿತೋ, ಸೈರನ್ ಕೂಗುತ್ತದೆ. ಅವರೇ ಗೆದ್ದರೆಂದು ಜನ ಎದ್ದು ಮನೆಗೆ ಹೋಗುತ್ತಾರೆ.

ಅಲ್ಲಿ ಮಂಜು ನಯಮಾಡುವ ಗಾಡಿ ಓಡಿಸುವ ಹುಲಿಗೆಮ್ಮ ಹನ್ನೊಂದು ವರ್ಷದ ಹಿಂದೆ ಗೋಲ್‌ಕೀಪರ್ ಆಗಿದ್ದವಳು. ಆ ವರ್ಷದ ಫೈನಲ್ ನಡುವೆ ಎದುರಾಳಿ ನಾಯಕ ವಿರೂಪಣ್ಣ ಕ್ಯಾಮೆರಾ ಮುಂದೆ, "ಪಾಪ, ಆಯಮ್ಮನ ಮೊಣಕಾಲು ಹೋಗೈತಂತೆ," ಎಂದು ಸುಳ್ಳೇ ಲೊಚಗುಟ್ಟಿದ್ದ. ಅವನ ತಂಡದ ದರ ಹಾರಿತು, ಸೈರನ್ ಕೂಗಿತು. ಸೋಲಿನ ಗೂಬೆಯನ್ನು ಅವಳ ತಲೆಯ ಮೇಲೆ ಕೂರಿಸಿ ತಂಡದಿಂದ ಆಚೆ ಹಾಕಿದರು.

ಇವತ್ತು ವಿರೂಪಣ್ಣನ ಕೊನೆಯ ಫೈನಲ್, ಸ್ಕೋರು ಸಮಸಮ. ವಿರಾಮದಲ್ಲಿ ಹುಲಿಗೆಮ್ಮ ಐಸ್ ಚೀಲ ಹಿಡಿದು ಅವನ ಮುಂದೆ ಮಂಡಿಯೂರಿದಳು.

"ಕಾಲು ಕೊಡ್ರಿ ಸಾರ್, ತಂಪಾಗ್ಲಿ."

ಸೇವೆ ಮಾಡಿಸಿಕೊಂಡೇ ರೂಢಿಯಾದವನು ಅವಳ ಮುಖವನ್ನೂ ನೋಡದೆ ಕಾಲು ಚಾಚಿದ. ಅವಳು ಚೀಲವನ್ನು ಮೊಣಕಾಲಿಗೆ ಬಿಗಿದು, ಕ್ಯಾಮೆರಾ ಕಡೆ ತಿರುಗಿ, ತಲೆಯಾಡಿಸುತ್ತ ಲೊಚಗುಟ್ಟಿದಳು.

ವಿರೂಪಣ್ಣನ ಎದುರು ತಂಡದ ದರ ಎಂಬತ್ತಾಯಿತು, ತೊಂಬತ್ತಾಯಿತು, ತೊಂಬತ್ತೊಂಬತ್ತಾಯಿತು. ಸೈರನ್ ಕೂಗಿತು.

"ಏಯ್, ನಂಗೇನೂ ಆಗಿಲ್ಲ, ನೋಡ್ರೋ!" ವಿರೂಪಣ್ಣ ಎರಡೂ ಕಾಲಲ್ಲಿ ಕುಣಿದು ತೋರಿಸಿದ. ಜನ ಆಗಲೇ ಚಪ್ಪಲಿ ಮೆಟ್ಟುತ್ತಿದ್ದರು.

ಹುಲಿಗೆಮ್ಮ ಗಾಡಿ ಹತ್ತಿದಳು. "ಅವತ್ತು ನಂಗೂ ಏನೂ ಆಗಿರ್ಲಿಲ್ರಿ," ಎಂದಳು. "ಆ ಕಡೆ ಸರೀರಿ, ಮಂಜು ಒರೆಸ್ಬೇಕು."